ಚಗಳಿಯ ಕೆಂಪನ್ನು ಉಳಿಸಿಕೊಂಡದ್ದು

ನಮ್ಮ ಮನೆ ಹಿಂದಿನ ಮಾವಿನ ಮರದಲ್ಲಿ ಚಗಳಿ ಎಂಬ ಕೆಂಪಿರುವೆಗಳ ಗೂಡುಗಳಿವೆ. ಎಲೆಗಳನ್ನು ಹತ್ತಿರ ಎಳೆದು, ಬಿಳಿ ನೂಲಿನಿಂದ ಅಂಟಿಸಿ ಮಾಡಿದ ಚೆಂಡುಗಳು. ಆ ನೂಲು ಬರುವುದು ಮರಿಹುಳುವಿನಿಂದ. ದೊಡ್ಡ ಇರುವೆ ಮರಿಯನ್ನು ಬಾಯಲ್ಲಿ ಕಚ್ಚಿ ಹಿಡಿದು, ಒಂದು ಎಲೆಯಂಚಿನಿಂದ ಇನ್ನೊಂದಕ್ಕೆ ಆಡಿಸುತ್ತದೆ. ಇದನ್ನು ಫೋಟೊದಲ್ಲಿ ಹಿಡಿಯಬೇಕು ಅಂತಲೇ ನಾನು ಚಿಕ್ಕ ಕೀಟಗಳನ್ನು ತೀರ ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೊ ಲೆನ್ಸ್ ಕೊಂಡದ್ದು.

ಮೊದಲ ಎರಡು ವರ್ಷ ಚಗಳಿ ಸಿಕ್ಕಿತು, ಅದರ ಮೈ ಸಿಗಲಿಲ್ಲ. ಬೆನ್ನ ಮೇಲೆ ಕಿತ್ತಳೆ ಬಣ್ಣ ಬಳಿದ ಹಾಗೆ ಕಾಣುತ್ತಿತ್ತು. ಉಬ್ಬು ತಗ್ಗು ಏನೂ ಇಲ್ಲ. ಎಡಿಟಿಂಗ್‌ನಲ್ಲಿ ಹೈಲೈಟ್ಸ್ (ಹೆಚ್ಚು ಬೆಳಕಿನ ಭಾಗಗಳು) ಇಳಿಸಿದರೆ ಅದೇ ಕಿತ್ತಳೆ ಸ್ವಲ್ಪ ಮಂಕಾಗುತ್ತಿತ್ತು, ಅಷ್ಟೇ. ಹಿಸ್ಟೋಗ್ರಾಂ (ಫೋಟೊದ ಕತ್ತಲನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ನಕ್ಷೆ) ಮಾತ್ರ ಸರಿಯಾಗೇ ಇತ್ತು!

ಕಾರಣ ಗೊತ್ತಾಗಲು ತುಂಬಾ ದಿನ ಹಿಡಿಯಿತು. ನಾನು ನೋಡುತ್ತಿದ್ದದ್ದು ಒಟ್ಟು ಬೆಳಕಿನ ಒಂದೇ ಬಿಳಿ ಹಿಸ್ಟೋಗ್ರಾಂ. ಅದರಲ್ಲಿ ಹಸಿರಿನ ಪಾಲು ಜಾಸ್ತಿ, ಕೆಂಪಿನ ಪಾಲು ಕಡಿಮೆ. ಕೆಂಪು ಒಂದೇ ತುಂಬಿ ಚೆಲ್ಲಿದರೂ ಅದು ತೋರಿಸುವುದಿಲ್ಲ. ಕ್ಯಾಮೆರಾ ಮೆನುವಿನಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ತೋರಿಸುವ ಆಯ್ಕೆ ಇದೆ. ಅದನ್ನು ಹಾಕಿದ ಮೇಲೆ ನೋಡಿದರೆ, ನನ್ನ ಚಗಳಿ ಫೋಟೊಗಳಲ್ಲೆಲ್ಲ ಕೆಂಪು ಗೆರೆ ಬಲಗಡೆಯ ಗೋಡೆಗೆ ಒತ್ತಿಕೊಂಡಿತ್ತು. ಫ್ಲ್ಯಾಶ್ ಆಟೊದಲ್ಲಿ ಇದ್ದದ್ದೂ ತಪ್ಪೇ. ಮಾವಿನ ಎಲೆ ಕಡು ಹಸಿರು. ಚೌಕಟ್ಟಿನ ತುಂಬ ಅದೇ ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ಮಧ್ಯಮ ಬೂದು ಮಾಡಲು ಹೊರಟು ಬೆಳಕು ಜಾಸ್ತಿ ಸುರಿಯುತ್ತದೆ. ಕಪ್ಪು ಗೊದ್ದ ಇರುವೆಗೂ ಹಾಗೇ ಆಗುತ್ತದೆ, ಅದು ಬೂದಿ ಬಳಿದ ಹಾಗೆ ಬರುತ್ತದೆ. ಬಿಳಿ ಹೂವಿನ ಮೇಲೆ ಕೂತ ಜೇನುನೊಣ ಮಾತ್ರ ಇದಕ್ಕೆ ಉಲ್ಟಾ, ಕತ್ತಲಾಗಿ ಬರುತ್ತದೆ.

ಹಾಗಾಗಿ ಫ್ಲ್ಯಾಶನ್ನು ಮ್ಯಾನ್ಯುವಲ್‌ಗೆ ಹಾಕಿದೆ. ಮ್ಯಾಕ್ರೊದಲ್ಲಿ ಇದು ಸುಲಭ, ಯಾಕೆಂದರೆ ಕೀಟಕ್ಕೂ ಲೆನ್ಸಿಗೂ ಇರುವ ದೂರ ಹೆಚ್ಚು ಬದಲಾಗುವುದೇ ಇಲ್ಲ. ಒಂದು ಗೇಣಿಗೂ ಕಡಿಮೆ. ಒಮ್ಮೆ ಹೊಂದಿಸಿದರೆ ದಿನವಿಡೀ ನಡೆಯುತ್ತದೆ. ನನ್ನದು ಹೀಗೆ: ಎಫ್/11 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು), ಶಟರ್ 1/160 ಸೆಕೆಂಡ್, ಐಎಸ್ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 200, ಫ್ಲ್ಯಾಶ್ ಪೂರ್ತಿ ಶಕ್ತಿಯ 1/16. ಚಗಳಿಗೆ ಫ್ಲ್ಯಾಶ್ ಸ್ವಲ್ಪ ಇಳಿಸುತ್ತೇನೆ. 1/16ರಲ್ಲಿ ಫ್ಲ್ಯಾಶ್ ಎಷ್ಟು ಚುಟುಕಾಗಿ ಮಿಂಚುತ್ತದೆ ಎಂದರೆ ಕೈ ನಡುಕ ಫೋಟೊಕ್ಕೆ ಬರುವುದಿಲ್ಲ.

ಎಫ್/11 ಯಾಕೆ, ಕಿಂಡಿ ಇನ್ನೂ ಕಿರಿದು ಮಾಡಿ ಫೋಕಸಿನ ಆಳ (ಸ್ಪಷ್ಟವಾಗಿ ಕಾಣುವ ಭಾಗದ ದಪ್ಪ) ಹೆಚ್ಚಿಸಬಾರದಾ ಅಂತ ಕೇಳುತ್ತಾರೆ. ನಾನೂ ಎಫ್/22ರವರೆಗೆ ಹೋಗಿದ್ದೆ. ಕೀಟ ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರ ಹೋದಾಗ ಎಫ್/11 ಎಂದರೆ ಸುಮಾರು ಎಫ್/22ರ ಹಾಗೆ ಕೆಲಸ ಮಾಡುತ್ತದೆ. ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕಿಂತ ಕಿರಿದು ಮಾಡಿದರೆ ಬೆಳಕು ಚದುರಿ ಇಡೀ ಫೋಟೊ ಮೆತ್ತಗಾಗುತ್ತದೆ. ಎಫ್/11ರಲ್ಲಿ ನನ್ನ ಚಿಕ್ಕ ಸೆನ್ಸರಿಗೆ ಸಿಗುವ ಫೋಕಸಿನ ಆಳ ಒಂದು ಮಿಲಿಮೀಟರಿಗೂ ಕಡಿಮೆ. ಕಣ್ಣು ಸರಿಯಾಗಿ ಬಂದರೆ ಸಾಕು, ಹಿಂಗಾಲು ಮಸುಕಾಗಲಿ ಬಿಡಿ.

ಇಷ್ಟೆಲ್ಲ ಮಾಡಿದರೂ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ ಉಳಿಯುತ್ತಿತ್ತು. ಕೀಟದ ಮೈ ಕನ್ನಡಿಯ ಹಾಗೆ, ಫ್ಲ್ಯಾಶ್ ಚಿಕ್ಕದಾಗಿದ್ದರೆ ಅದರ ಪ್ರತಿಬಿಂಬವೂ ಚಿಕ್ಕದು, ಕಣ್ಣು ಕುಕ್ಕುವಂಥದ್ದು. ಹೊಸ ಟಿವಿಯ ಡಬ್ಬಿಯಲ್ಲಿ ಬಂದ ತೆಳು ಬಿಳಿ ಫೋಮ್ ಹಾಳೆಯನ್ನು ಎರಡು ಮಡಿಕೆ ಮಾಡಿ, ಲೆನ್ಸಿನ ಮೇಲೆ ಕಮಾನಿನಂತೆ ಬಗ್ಗಿಸಿ ಕಟ್ಟಿದೆ. ಹಾಳೆ ಕೀಟದ ತಲೆಯ ಮೇಲೆ ಸೂರಿನ ಹಾಗೆ ಬಂತು. ಮುಖ್ಯವಾದದ್ದು ಅದೇ. ಹಾಳೆ ಎಷ್ಟು ಹತ್ತಿರವೋ, ಇರುವೆಯ ಲೆಕ್ಕದಲ್ಲಿ ಬೆಳಕು ಅಷ್ಟು ದೊಡ್ಡದು. ಫ್ಲ್ಯಾಶಿನ ಬಾಯಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಮುಚ್ಚಳದಿಂದ ಈ ಗುಣ ಬರುವುದಿಲ್ಲ, ನಾನು ಮೊದಲು ಅದಕ್ಕೆ ದುಡ್ಡು ಕೊಟ್ಟಿದ್ದೆ. ಗಿಡಗಳ ಮೇಲಿರುವ ಮಿನುಗುವ ಹಸಿರು ತಿಗಣೆಗಳಲ್ಲಂತೂ ವ್ಯತ್ಯಾಸ ತಕ್ಷಣ ಕಾಣುತ್ತದೆ. ಅವುಗಳ ಹೊಳಪು ಮೈಯ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಬರುವಂಥದ್ದು. ಬೆಳಕು ಅಗಲವಾದಷ್ಟೂ ಬಣ್ಣ ಮೈತುಂಬ ಹರಡುತ್ತದೆ.

ಹಿನ್ನೆಲೆ ಕಪ್ಪಾದರೆ ಹಿಂದೆ ಒಂದು ಎಲೆ ಹಿಡಿಯುತ್ತೇನೆ. ಕೀಟವನ್ನು ಫ್ರಿಜ್‌ನಲ್ಲಿಟ್ಟು ಮಂಪರು ಬರಿಸಿ ತೆಗೆಯುವವರಿದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಬೆಳಗಿನ ತಂಪಿನಲ್ಲಿ ಹೋದರೆ ಅವು ತಾವಾಗಿಯೇ ನಿಧಾನವಾಗಿರುತ್ತವೆ.

ಎಡಿಟಿಂಗ್ ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇನೆ, ಅದು ಉಚಿತ. ಫೋಟೊ ತೆಗೆಯುವುದು ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಕಚ್ಚಾ ರೂಪದಲ್ಲಿ. ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಸರಿಪಡಿಸುವುದು. ಫೋಮ್ ಹಾಳೆ ಬೆಳಕಿನ ಬಣ್ಣವನ್ನು ಸ್ವಲ್ಪ ಬದಲಿಸುತ್ತದೆ. ಅದಕ್ಕೆ ತೋಟಕ್ಕೆ ಹೊರಡುವ ಮುಂಚೆ ಬಿಳಿ ಕಾಗದದ ಒಂದು ಫೋಟೊ ತೆಗೆದುಕೊಂಡು ಅದರಿಂದಲೇ ಸರಿಮಾಡುತ್ತೇನೆ. ಆಮೇಲೆ ನೆರಳು ಸ್ವಲ್ಪ ಎತ್ತುವುದು, ಎಲೆಯ ಹಸಿರನ್ನು ತುಸು ಇಳಿಸುವುದು, ಶಾರ್ಪನಿಂಗ್ ಕಣ್ಣು ಮತ್ತು ಮುಖಕ್ಕೆ ಮಾತ್ರ. ಮೊದಲು ಲೋಕಲ್ ಕಾಂಟ್ರಾಸ್ಟ್ (ಸಣ್ಣ ಸಣ್ಣ ಭಾಗಗಳ ಬೆಳಕು ಕತ್ತಲಿನ ಅಂತರ) ಇಡೀ ಚಿತ್ರಕ್ಕೆ ಹೆಚ್ಚಿಸುತ್ತಿದ್ದೆ. ಆಗ ಮಸುಕಾಗಿರಬೇಕಾದ ಹಿನ್ನೆಲೆಯಲ್ಲೂ ಕಾಳುಕಾಳು ಎದ್ದು ಇರುವೆಯೇ ಹಿಂದೆ ಸರಿಯುತ್ತಿತ್ತು.

ಇನ್ನೊಂದು ತಪ್ಪು ನನಗೆ ಪ್ರಿಂಟ್ ಹಾಕಿಸಿದಾಗ ತಿಳಿಯಿತು. ರಾತ್ರಿ ದೀಪ ಆರಿಸಿ, ಲ್ಯಾಪ್‌ಟಾಪಿನ ಬೆಳಕು ಪೂರ್ತಿ ಏರಿಸಿ ಕೂರುತ್ತಿದ್ದೆ. ಪ್ರಿಂಟ್ ಎಲ್ಲ ಕತ್ತಲೆ. ಈಗ ಕೋಣೆಯ ದೀಪ ಹಾಕಿಕೊಂಡು, ಪರದೆಯ ಪಕ್ಕ ಬಿಳಿ ಕಾಗದ ಹಿಡಿದು, ಎರಡರ ಬಿಳುಪು ಹೆಚ್ಚುಕಡಿಮೆ ಒಂದೇ ಆಗುವವರೆಗೆ ಪರದೆಯ ಬೆಳಕು ಇಳಿಸುತ್ತೇನೆ.

ಹೋದ ಮಳೆಗಾಲಕ್ಕೆ ಮುಂಚೆ ಆ ನೂಲಿನ ಫೋಟೊ ಸಿಕ್ಕಿತು. ಚಗಳಿಯ ಬಾಯಲ್ಲಿ ಮರಿ, ಮರಿಯಿಂದ ಎಲೆಯಂಚಿಗೆ ಕೂದಲಿಗಿಂತ ತೆಳು ಎಳೆ. ಎಡಿಟಿಂಗ್‌ನಲ್ಲಿ ಎಳೆಯನ್ನು ಮುಟ್ಟಲಿಲ್ಲ. ಅದರ ಹಿಂದಿನ ಎಲೆಯನ್ನು ಮಾತ್ರ ಒಂದಿಷ್ಟು ಕತ್ತಲು ಮಾಡಿದೆ. ಇರುವೆಯ ಬೆನ್ನಿನ ಕೆಂಪು ಈ ಸಲ ಉಬ್ಬು ತಗ್ಗುಗಳೊಂದಿಗೆ ಉಳಿದಿದೆ.