ಅಂಗೈಯಗಲದ ಹಳೇ ಭಾವಚಿತ್ರಕ್ಕೆ ಬೆಲೆ ಕಟ್ಟುವುದು ಹೇಗೆ?

ಹಳೇ ಪೆಟ್ಟಿಗೆಯಲ್ಲೋ ಹರಾಜಿನಲ್ಲೋ ನಿಮಗೊಂದು ಪುಟ್ಟ ಯುರೋಪಿಯನ್ ಭಾವಚಿತ್ರ ಸಿಕ್ಕಿತು ಅಂದುಕೊಳ್ಳಿ, ಅದೇ ಮಿನಿಯೇಚರ್ ಅಂತಾರಲ್ಲ, ಅದು. ಎಲ್ಲರೂ ಮೊದಲು ಸಹಿ ಹುಡುಕುತ್ತಾರೆ. ನನ್ನ ಕೇಳಿದರೆ ಸಹಿಯನ್ನು ಕೊನೆಗೆ ನೋಡಿ. ನಕಲಿ ಮಾಡುವವರಿಗೆ ಎಲ್ಲಕ್ಕಿಂತ ಸುಲಭದ ಕೆಲಸ ಅದೇ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಟಾರ್ಚ್, ಒಣಗಿದ ಕೈ ಇದ್ದರೆ ಸಾಕು. ಒಣಗಿದ ಕೈ ಅಂತ ಸುಮ್ನೆ ಹೇಳಿಲ್ಲ. ಇವು ಬಹುಪಾಲು ಜಲವರ್ಣದ ಚಿತ್ರಗಳು, ಒಂದು ಹನಿ ನೀರು ಬಿದ್ದರೂ ಬಣ್ಣ ಎದ್ದುಬರುತ್ತದೆ. ಒಳಗೆ ಧೂಳಿದೆ ಅಂತ ಗಾಜು ಬಿಚ್ಚಿ ಒರೆಸಲು ಹೋಗಬೇಡಿ.

ಮೊದಲು ಕೆನ್ನೆಯ ಮೇಲೆ ಭೂತಗನ್ನಡಿ ಹಿಡಿಯಿರಿ. ಕೈಯಲ್ಲಿ ಬರೆದದ್ದಾದರೆ ಸಣ್ಣ ಗೆರೆ, ಚುಕ್ಕೆ ಒಂದೊಂದೂ ಒಂದೊಂದು ಥರ ಇರುತ್ತವೆ, ಮುಖದ ಉಬ್ಬುತಗ್ಗಿನ ಜೊತೆ ತಿರುಗುತ್ತವೆ. ಚುಕ್ಕೆಗಳೆಲ್ಲ ಒಂದೇ ಅಂತರದಲ್ಲಿ ಸಾಲಾಗಿ ನಿಂತಿದ್ದರೆ ಅದು ಪ್ರಿಂಟ್. ಎರಡರ ನಡುವಿನ ಜಾತಿಯೂ ಒಂದಿದೆ: ಕೆಳಗೆ ಫೋಟೊ, ಮೇಲೆ ತೆಳ್ಳಗೆ ಬಣ್ಣ. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಕಣ್ಣು ಮೂಗು ವಿಪರೀತ ನಿಖರ, ಬಟ್ಟೆ ಕೂದಲು ಮಾತ್ರ ಒರಟು ಅನ್ನಿಸಿದರೆ ಅನುಮಾನ ಪಡಿ.

ಆಮೇಲೆ ಚಿತ್ರ ಯಾವುದರ ಮೇಲಿದೆ ಅಂತ ನೋಡಬೇಕು. 1520ರ ದಶಕದಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡಿನ ಅರಮನೆಗಳಲ್ಲಿ ಈ ಕಲೆ ಶುರುವಾದಾಗ ಹದ ಮಾಡಿದ ಕರುವಿನ ಚರ್ಮದ ಮೇಲೆ ಬರೆಯುತ್ತಿದ್ದರು, ಹಿಂದೆ ಗಟ್ಟಿಯಾಗಿರಲಿ ಅಂತ ಇಸ್ಪೀಟ್ ಎಲೆ ಅಂಟಿಸುತ್ತಿದ್ದರು. ಆನೆದಂತದ ತೆಳು ಹಾಳೆ ಬಂದದ್ದು 1700ರ ಹೊತ್ತಿಗೆ, ವೆನಿಸ್‌ನ ಚಿತ್ರಗಾರ್ತಿ ರೊಸಾಲ್ಬಾ ಕರಿಯೆರಾ ಅದನ್ನು ಬಳಕೆಗೆ ತಂದರು. ಹಾಗಾಗಿ ಮೊದಲನೇ ಎಲಿಜಬೆತ್ ರಾಣಿಯ ಕಾಲದ ಉಡುಪಿನ ಹೆಂಗಸು ದಂತದ ಮೇಲೆ ಕೂತಿದ್ದರೆ ಅದು ಆ ಕಾಲದ್ದಲ್ಲ, ನಂತರ ಯಾರೋ ಮಾಡಿದ ಪ್ರತಿ. ಟಾರ್ಚನ್ನು ವಾರೆಯಾಗಿ ಹಿಡಿದರೆ ದಂತದಲ್ಲಿ ನಾರಿನಂಥ ಗೆರೆಗಳು ಕಾಣುತ್ತವೆ, ಎಲ್ಲ ಒಂದೇ ಸಮ ಇರುವುದಿಲ್ಲ. ದಂತದ ಹಾಗೆ ಕಾಣುವ ಹಳೇ ಪ್ಲಾಸ್ಟಿಕ್ ಆದ ಸೆಲ್ಯುಲಾಯ್ಡ್‌ನಲ್ಲಿ ಅವು ಅಳತೆಪಟ್ಟಿ ಇಟ್ಟು ಎಳೆದ ಹಾಗಿರುತ್ತವೆ. ಸೂಜಿ ಕಾಯಿಸಿ ಚುಚ್ಚಿ ನೋಡುವ ಪರೀಕ್ಷೆ ದಯವಿಟ್ಟು ಬೇಡ. ಸೆಲ್ಯುಲಾಯ್ಡ್ ಆಗಿದ್ದರೆ ಹೊತ್ತಿಕೊಳ್ಳುತ್ತದೆ, ದಂತ ಆಗಿದ್ದರೆ ಕಲೆ ಉಳಿಯುತ್ತದೆ.

ಅಳತೆಯೂ ಮಾತಾಡುತ್ತದೆ. ಇಂಗ್ಲೆಂಡಿನಲ್ಲಿ 1760ರ ಸುಮಾರಿಗೆ ನಾಲ್ಕು ಸೆಂಟಿಮೀಟರ್ ಆಸುಪಾಸಿನವು ಜಾಸ್ತಿ, 1790ರ ಹೊತ್ತಿಗೆ ಏಳೆಂಟಕ್ಕೆ ಬೆಳೆದಿದ್ದವು. 1839ರಲ್ಲಿ ಫೋಟೊ ಬಂತು, ಕ್ರಮೇಣ ಈ ಕಸುಬು ಸೊರಗಿತು. ಆಮೇಲೆ ಅಲಂಕಾರಕ್ಕೆಂದೇ ನೆಪೋಲಿಯನ್, ಫ್ರಾನ್ಸಿನ ರಾಣಿ ಮರೀ ಆಂಟೊನೆಟ್ ಮುಖಗಳನ್ನು ರಾಶಿ ರಾಶಿ ಮಾಡಿ ಮಾರಿದರು. ಪಿಯಾನೊ ಕೀಗಳ ತುಂಡು ಜೋಡಿಸಿದ ಫ್ರೇಮ್, ಹಿಂದೆ ಹಳೇ ಪುಸ್ತಕದ ಹಾಳೆ ಅಂಟಿಸಿದ್ದು ಕಂಡರೆ ಬಹುತೇಕ ಈ ಗುಂಪಿನದೇ. ಹಳೇ ಕಾಗದ ಇದೆ ಅಂತ ಚಿತ್ರ ಹಳೇದಾಗುವುದಿಲ್ಲ ಅಲ್ವಾ?

ಈಗ ಸಹಿ. ಇಂಗ್ಲೆಂಡಿನ ಹೆಸರಾಂತ ಮಿನಿಯೇಚರ್ ಕಲಾವಿದ ರಿಚರ್ಡ್ ಕಾಸ್ವೇ (1742–1821) ಸಾಮಾನ್ಯವಾಗಿ ಚಿತ್ರದ ಹಿಂಭಾಗದ ಕಾಗದದಲ್ಲಿ ಲ್ಯಾಟಿನ್ ಸಾಲುಗಳಲ್ಲಿ ಸಹಿ ಹಾಕುತ್ತಿದ್ದರು. ಮುಂಭಾಗದಲ್ಲೇ ಕಾಸ್ವೇ ಅಂತ ಎದ್ದು ಕಾಣುವ ಹಾಗೆ ಬರೆದಿದ್ದರೆ ಖುಷಿಪಡುವ ಬದಲು ಹುಬ್ಬೇರಿಸಿ. ಅದೇ ಕಾಲದ ಇನ್ನೊಬ್ಬ ಇಂಗ್ಲಿಷ್ ಕಲಾವಿದ ಜಾನ್ ಸ್ಮಾರ್ಟ್ ಹಾಗಲ್ಲ, ಮುಂದೆಯೇ ಜೆ.ಎಸ್. ಅಂತ ಬರೆದು ಇಸವಿ ಹಾಕುತ್ತಿದ್ದರು. 1785ರಿಂದ 1795ರವರೆಗೆ ಮದ್ರಾಸಿನಲ್ಲಿದ್ದಾಗ ಇಂಡಿಯಾ ಅನ್ನುವುದಕ್ಕೆ ಒಂದು ಐ ಅಕ್ಷರ ಸೇರಿಸುತ್ತಿದ್ದರು.

ಬೆಲೆಗೆ ಬಂದರೆ, ಒಳ್ಳೆಯ ಕೈಯ ಚಿತ್ರವಾದರೂ ದಂತ ಸೀಳಿದ್ದರೆ, ಕೆನ್ನೆಯ ಕೆಂಪು ಬಿಸಿಲಿಗೆ ಮಾಸಿದ್ದರೆ ತುಂಬಾ ಇಳಿಯುತ್ತದೆ. ಚಿತ್ರದಲ್ಲಿರುವವರು ಯಾರೆಂದು ದಾಖಲೆ ಸಮೇತ ಗೊತ್ತಿದ್ದರೆ ಏರುತ್ತದೆ. ಹಿಂಭಾಗದಲ್ಲಿ ಹೆಣೆದ ಕೂದಲೋ ಕೆತ್ತಿದ ಅಕ್ಷರವೋ ಇದ್ದರೆ ಹಾಗೇ ಬಿಡಿ. ಹೋಲಿಕೆಗೆ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಯನ್ನೇ ತೆಗೆದುಕೊಳ್ಳಿ. ಮಾರುವವರು ಕೇಳುವ ಬೆಲೆ ಅವರ ಆಸೆ ಅಷ್ಟೇ. ವಿಮೆಗೆ ಬರೆಸುವ ಮೊತ್ತವೂ ಬೇರೆ, ಅದು ಮಾರಿದಾಗ ಕೈಗೆ ಸಿಗುವುದಕ್ಕಿಂತ ಸಾಮಾನ್ಯವಾಗಿ ಜಾಸ್ತಿ.

ದಂತದ್ದಾದರೆ ಮಾರುವ ಮುಂಚೆ ನೀವಿರುವ ದೇಶದ ಕಾನೂನು ವಿಚಾರಿಸಿ. ಬ್ರಿಟನ್ನಿನಲ್ಲಿ 1918ಕ್ಕಿಂತ ಹಳೆಯದಾಗಿ, 320 ಚದರ ಸೆಂಟಿಮೀಟರಿನ ಒಳಗಿದ್ದರೆ ನೋಂದಾಯಿಸಿ ಮಾರಬಹುದು. ಎಲ್ಲ ಕಡೆ ಹೀಗಿಲ್ಲ. ಪರಿಣತರಿಗೆ ಫೋಟೊ ಕಳಿಸುವಾಗ ಮುಂದಿನದು, ಹಿಂದಿನದು, ಅಂಚಿನದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟದ್ದು, ಇಷ್ಟೂ ಕಳಿಸಿ, ಫ್ಲ್ಯಾಶ್ ಹಾಕಬೇಡಿ, ಗಾಜು ಹೊಳೆದು ಮುಖವೇ ಕಾಣುವುದಿಲ್ಲ.