ಸಿಮೆಂಟ್ ಶೀಟಿಗೆ ಬಿಳಿ ಬಣ್ಣ: ಕೆರೆಯದೇ ಹೊಡೆದ ಅನುಭವ

ನಮ್ಮ ಸಿಂಧನೂರು ಕಡೆ ಬೇಸಿಗೆ ಏರುವ ಮೊದಲು ಸಿಮೆಂಟ್ ಶೀಟಿನ ಮೇಲೆ ಸುಣ್ಣ ಬಳಿಯುವುದು ವಾಡಿಕೆ. ಬಿಳುಪಿದ್ದರೆ ಶೀಟು ಅಷ್ಟು ಕಾಯುವುದಿಲ್ಲ, ಮಧ್ಯಾಹ್ನ ಕೆಳಗೆ ಕೂರಲಿಕ್ಕಾದರೂ ಆಗುತ್ತದೆ. ಸುಣ್ಣಕ್ಕೆ ನನ್ನ ತಕರಾರಿಲ್ಲ. ಅದಕ್ಕೂ ಮೊದಲು ತಂತಿ ಬ್ರಷ್ ಹಿಡಿದು ಹಳೇ ಸುಣ್ಣ, ಪಾಚಿ ಎಲ್ಲ ಕೆರೆಯುತ್ತಾರಲ್ಲ, ತಕರಾರು ಅದಕ್ಕೆ.

ನಮ್ಮ ಹಿಂದಿನ ಪಡಸಾಲೆಯ ಶೀಟುಗಳು 1990ರ ದಶಕದವು. ಆ ಕಾಲದ ಸಿಮೆಂಟ್ ಶೀಟು ಅಂದರೆ ಅದರಲ್ಲಿ ಆಸ್ಬೆಸ್ಟಾಸ್, ಅಂದರೆ ನಾರಿನಂತಿರುವ ಒಂದು ಖನಿಜ, ಇದೆ ಅಂತಲೇ ಹಿಡಿಯಬೇಕು. ಶೀಟು ಗಟ್ಟಿಯಾಗಿರುವ ತನಕ ನಾರು ಸಿಮೆಂಟಿನೊಳಗೇ ಇರುತ್ತದೆ. ವರ್ಷಾನುಗಟ್ಟಲೆ ಬಿಸಿಲು ಮಳೆ ತಿಂದ ಮೇಲೆ ಮೇಲಿನ ಪದರ ಸವೆಯುತ್ತದೆ. ಓರೆ ಬಿಸಿಲಿನಲ್ಲಿ ನೋಡಿದರೆ ಒಡೆದ ಅಂಚಿನಲ್ಲಿ ಬೂದು ಬಣ್ಣದ ನವಿರು ಕಾಣುತ್ತದೆ. ಅದನ್ನು ಒಣಗಿದ್ದಾಗ ಉಜ್ಜಿದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಏಳುತ್ತದೆ, ಶ್ವಾಸಕೋಶಕ್ಕೆ ಹೋದದ್ದು ಅಲ್ಲೇ ಕೂರುತ್ತದೆ. ಎಲ್ಲ ಬಗೆಯ ಆಸ್ಬೆಸ್ಟಾಸೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಖಚಿತವಾಗಿ ಹೇಳಿದೆ. ರೋಗ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಬೇಕಾಗಬಹುದು, ಹಾಗಾಗಿ ಈ ಬ್ರಷ್ಷಿಗೂ ಆ ಕೆಮ್ಮಿಗೂ ಯಾರೂ ನಂಟು ಹಚ್ಚುವುದಿಲ್ಲ. 60ಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮಲ್ಲಿ ಹೊಸ ಶೀಟೂ ಅಂಗಡಿಯಲ್ಲಿ ಸಿಗುತ್ತದೆ.

ಎಲ್ಲ ತೆಗೆಸಿ ತಗಡು ಹಾಕಿಸಬಹುದಿತ್ತು. ಆದರೆ ಗಟ್ಟಿಯಿರುವ ಶೀಟನ್ನು ಅಲ್ಲಾಡಿಸದೆ ಬಿಡುವುದೇ ಕ್ಷೇಮ. ತೆಗೆಯುವಾಗಲೇ ಒಡೆಯುವುದು ಹೆಚ್ಚು. ಒಂದೇ ಒಂದು ಶೀಟು ಸೀಳಿತ್ತು, ಅದನ್ನಷ್ಟೇ ಬದಲಿಸುವುದೆಂದು ನಿರ್ಧರಿಸಿದೆ.

ಫೆಬ್ರುವರಿಯಲ್ಲಿ, ಗಾಳಿ ಇಲ್ಲದ ಬೆಳಗಿನ ಹೊತ್ತು ಆರಿಸಿಕೊಂಡೆ. ಮಕ್ಕಳನ್ನು ಮುಂದಿನ ಕೋಣೆಗೆ ಕಳಿಸಿ ಕಿಟಕಿ ಹಾಕಿಸಿದೆ. ಮೂಗಿಗೆ ಟವೆಲ್ ಸುತ್ತಿದರೆ ಏನೂ ಉಪಯೋಗವಿಲ್ಲ, ಆಸ್ಪತ್ರೆಯ ನೀಲಿ ಮಾಸ್ಕೂ ಅಷ್ಟೇ. ಅತಿ ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ಮಾಸ್ಕ್ ಇಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಗಡ್ಡವಿದ್ದರೆ ಅದು ಮುಖಕ್ಕೆ ಅಂಟಿ ಕೂರುವುದಿಲ್ಲ, ಬೋಳಿಸಿಕೊಂಡೆ. ಮನೆಯಾಕೆಗೆ ಅದೊಂದು ಲಾಭ.

ಔಷಧಿ ಹೊಡೆಯುವ ಹೊಸ ಕೈಪಂಪಿನಲ್ಲಿ ನೀರು, ಸ್ವಲ್ಪ ಪಾತ್ರೆ ಸೋಪು ಹಾಕಿ ಶೀಟಿನ ಮೇಲೆ ಮೆಲ್ಲಗೆ ಸಿಂಪಡಿಸಿದೆ. ಸೋಪು ಹಾಕಿದರೆ ನೀರು ಜಾರಿ ಹೋಗದೆ ಒಳಗಿಳಿಯುತ್ತದೆ. ಜೋರಾದ ಪ್ರೆಷರ್ ಪೈಪ್ ಬೇಡವೇ ಬೇಡ, ಅದು ಸಿಮೆಂಟನ್ನೇ ಕಿತ್ತು ಹಾಕುತ್ತದೆ. ಕೈಗೆಟುಕಿದ ಪಾಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ಉಳಿದದ್ದನ್ನು ಬಿಟ್ಟೆ. ಪಕ್ಕದ ಮನೆ ಕೆಲಸಕ್ಕೆ ಬಂದಿದ್ದ ಗೌಂಡಿ ನೋಡಿ ನಕ್ಕ: "ಏನ್ರಿ ಅಣ್ಣಾರ, ಶೀಟಿಗೆ ಸ್ನಾನ ಮಾಡಸ್ತೀರೇನು? ಗ್ರೈಂಡರ್ ಕೊಡ್ತೀನಿ, ಹತ್ತು ನಿಮಿಷದಾಗ ಸಾಫ್ ಆಗ್ತದ." ಎಲ್ಲಕ್ಕಿಂತ ಕೆಟ್ಟದ್ದು ಆ ಗ್ರೈಂಡರೇ.

ಶೀಟಿನ ಮೇಲೆ ಕಾಲಿಡಲಿಲ್ಲ. ಅದು ನೋಡಲಿಕ್ಕೆ ಗಟ್ಟಿ, ತುಳಿದರೆ ಒಮ್ಮೆಲೇ ಮುರಿಯುತ್ತದೆ. ಹಾಗೆ ಬಿದ್ದು ಸತ್ತವರೂ ಇದ್ದಾರೆ. ಅರ್ಧ ಏಣಿಯಿಂದ, ಅರ್ಧ ಮಾಳಿಗೆಯಿಂದ, ಉದ್ದ ಕೋಲಿಗೆ ರೋಲರ್ ಸಿಕ್ಕಿಸಿ ಬಣ್ಣ ಹೊಡೆದೆ. ಮೊದಲು ಹೊರಗೋಡೆಯ ಅಕ್ರಿಲಿಕ್ ಪ್ರೈಮರ್, ಒಣಗಿದ ಮೇಲೆ ಎರಡು ಕೋಟ್ ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್. ಸುಣ್ಣ ಅಗ್ಗ, ಆದರೆ ಮಳೆಗೆ ಉದುರುತ್ತದೆ, ಮರುವರ್ಷ ಮತ್ತೆ ಬ್ರಷ್ ಹಿಡಿಯಬೇಕು. ಅಕ್ರಿಲಿಕ್ ಸವೆದ ಮೇಲ್ಮೈಯನ್ನು ಅಂಟಿಸಿ ಹಿಡಿಯುತ್ತದೆ.

ಸೀಳಿದ ಶೀಟನ್ನು ಬಿಗಿದಿದ್ದ ಜೆ-ಹುಕ್ಕುಗಳು (ಕೊಕ್ಕೆಯಂಥ ಬೋಲ್ಟುಗಳು) ತುಕ್ಕು ಹಿಡಿದಿದ್ದವು. ತಿರುವದೆ, ಸುತ್ತ ನೀರು ಬಿಟ್ಟು ಬೋಲ್ಟ್ ಕಟರಿನಿಂದ ಕತ್ತರಿಸಿದೆ. ತಮ್ಮ ಒಂದು ತುದಿ, ನಾನೊಂದು ತುದಿ ಹಿಡಿದು ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಚ್ಚಿದೆವು. ಹಾಕಿಕೊಂಡ ಬಟ್ಟೆಗಳನ್ನು ಝಾಡಿಸದೆ ಹೊರಗೇ ಒದ್ದೆ ಮಾಡಿ ಬೇರೆಯಾಗಿ ಒಗೆದೆವು.

ಕಸದ ಗಾಡಿಯವರು ಅದನ್ನು ಒಯ್ಯಲು ಒಪ್ಪಲಿಲ್ಲ. ಕಾಕಾ ಕೋಳಿ ಗೂಡಿಗೆ ಕೇಳಿದರು, ಕೊಡಲಿಲ್ಲ. ಒಡೆದು ಅಂಗಳದ ತಗ್ಗಿಗೆ ಹಾಕು ಅಂದವರ ಮಾತೂ ಕೇಳಲಿಲ್ಲ. ಸದ್ಯಕ್ಕೆ ಹಿತ್ತಲಲ್ಲಿ ಯಾರೂ ತುಳಿಯದ ಮೂಲೆಯಲ್ಲಿ, ಮೇಲೆ "ಆಸ್ಬೆಸ್ಟಾಸ್, ಒಡೆಯಬೇಡಿ" ಅಂತ ಬರೆದು ಇಟ್ಟಿದ್ದೇನೆ.