ಟರ್ಬೋ ಇಲ್ಲದೆ ಬಂದ 23 ಎಚ್‌ಪಿ: ಮೂರು ಹೆಡ್, ಮೂರು ವರ್ಷ

ಚಕ್ರದ ಹತ್ತಿರ 101 ಎಚ್‌ಪಿ. ಡೈನೋ (ಚಕ್ರಕ್ಕೆ ಬರುವ ಶಕ್ತಿ ಅಳೆಯುವ ಯಂತ್ರ) ಪರದೆಯ ಮೇಲೆ ಆ ಅಂಕಿ ಕಂಡಾಗ ನಂಬಿಕೆಯಾಗಲಿಲ್ಲ, ಮೂರು ಸಲ ಓಡಿಸಿದೆ. 100, 101, 101. ಇದೇ ಗಾಡಿ ಇದೇ ಡೈನೋ ಮೇಲೆ ಕೆಲಸ ಶುರುವಾಗುವ ಮುಂಚೆ 78 ತೋರಿಸಿತ್ತು. ಟರ್ಬೋ ಇಲ್ಲ, ಸೂಪರ್‌ಚಾರ್ಜರ್ ಇಲ್ಲ, ನೈಟ್ರಸ್ ಇಲ್ಲ. ಎಂಜಿನ್ ತಾನಾಗಿ ಎಳೆದುಕೊಂಡ ಗಾಳಿಯಲ್ಲೇ ಬಂದದ್ದು ಅಷ್ಟೂ.

"ಟರ್ಬೋ ಹಾಕು, ಇಲ್ಲಾಂದ್ರೆ ದೊಡ್ಡ ಎಂಜಿನ್ ಕೂರಿಸು. ಅದನ್ನ ಕೆರೆದು ಏನು ಸಿಗುತ್ತೆ?" ಅಂತ ಹೇಳದವರೇ ಇರಲಿಲ್ಲ. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ, ವಾಲ್ವ್ ಇರುವುದು ಅದರಲ್ಲೇ) ಫೇಸಿಂಗ್, ಅಂದರೆ ಅದರ ಮುಖ ಸಮನಾಗಿ ಕೆತ್ತುವ ಕೆಲಸ, ಮಾಡಿಕೊಟ್ಟ ಹಿರಿಯ ಮೆಕ್ಯಾನಿಕ್ ಕೂಡ ತಲೆ ಅಲ್ಲಾಡಿಸಿ, "5 ಎಚ್‌ಪಿ ಬಂದ್ರೆ ಹೆಚ್ಚು, ಸುಮ್ನೆ ಯಾಕಪ್ಪಾ?" ಅಂದಿದ್ದರು. ಮೊದಲ ಎರಡು ವರ್ಷ ಅವರ ಮಾತೇ ನಿಜವಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸೋತದ್ದು ಎಲ್ಲಿ ಅಂತ ಗೊತ್ತಾದರೆ ನೀವು ಅಷ್ಟು ದುಡ್ಡು ಕಳೆದುಕೊಳ್ಳಬೇಕಿಲ್ಲ.

ಎಂಜಿನ್ 1590 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ವಾಲ್ವ್ ತೆರೆಯಲು ಸಿಂಗಲ್ ಕ್ಯಾಮ್. ಬೋರ್ (ಸಿಲಿಂಡರಿನ ವ್ಯಾಸ) 75 ಮಿಮೀ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 90. ಉದ್ದ ಸ್ಟ್ರೋಕಿನ ಎಂಜಿನ್ ಅಂದಮೇಲೆ ಆರ್‌ಪಿಎಂ ಬೆನ್ನು ಹತ್ತಿ ಪ್ರಯೋಜನವಿಲ್ಲ. 7,000ಕ್ಕೆ ಪಿಸ್ಟನ್ನಿನ ಸರಾಸರಿ ವೇಗವೇ ಸೆಕೆಂಡಿಗೆ 21 ಮೀಟರ್ ಆಗುತ್ತದೆ. ಕಂಪನಿಯ ರಾಡ್, ಕಂಪನಿಯ ಪಿಸ್ಟನ್ ಇಟ್ಟುಕೊಂಡು ಅದಕ್ಕಿಂತ ಮೇಲೆ ಹೋಗುವ ಧೈರ್ಯ ನನಗಿಲ್ಲ. ರಾಡ್ ಬೋಲ್ಟ್ ಮಾತ್ರ ಹೊಸದು ಹಾಕಿದೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ತೆರೆದ ಕೋನ್ ಫಿಲ್ಟರ್, ದಪ್ಪ ಸೈಲೆನ್ಸರ್ ಪೈಪ್. ಸದ್ದು ಚೆನ್ನಾಗಿತ್ತು. ಡೈನೋ ಮೇಲೆ 77 ಬಂತು. ಒಂದು ಎಚ್‌ಪಿ ಹೋಗಿತ್ತು! ಇನ್‌ಟೇಕ್ ಟೆಂಪರೇಚರ್ ಸೆನ್ಸರ್ ಓದಿ ನೋಡಿದರೆ, ಹೊರಗೆ 28 ಡಿಗ್ರಿ ಇರುವಾಗ ಫಿಲ್ಟರ್ ಎಳೆಯುತ್ತಿದ್ದ ಗಾಳಿ 62 ಡಿಗ್ರಿ. ಬಾನೆಟ್ ಒಳಗಿನ ರೇಡಿಯೇಟರ್ ಬಿಸಿ ಅದು. ಅಷ್ಟು ಬಿಸಿಯಾದರೆ ಗಾಳಿಯ ಸಾಂದ್ರತೆ ಹತ್ತಿರ ಹತ್ತು ಪರ್ಸೆಂಟ್ ಕಡಿಮೆಯಾಗುತ್ತದೆ. ಹಳೆಯ ಏರ್ ಬಾಕ್ಸ್ ವಾಪಸ್ ಹಾಕಿ, ಹೆಡ್‌ಲೈಟ್ ಹಿಂದಿನಿಂದ ತಣ್ಣನೆ ಗಾಳಿ ಬರುವಂತೆ ಒಂದು ಡಕ್ಟ್ ಕೊಟ್ಟೆ. ಅಷ್ಟಕ್ಕೇ 80 ಬಂತು. ಇಡೀ ಕೆಲಸದಲ್ಲಿ ತೀರಾ ಅಗ್ಗಕ್ಕೆ ಸಿಕ್ಕಿದ ಎಚ್‌ಪಿ ಇದೇ.

ಆಮೇಲೆ ಹೆಡ್ ಬಿಚ್ಚಿದೆ. ಡೈ ಗ್ರೈಂಡರ್ ಕೈಯಲ್ಲಿದ್ದರೆ ಪೋರ್ಟ್ (ಹೆಡ್ಡಿನೊಳಗೆ ಗಾಳಿ ಹೋಗುವ ದಾರಿ) ದೊಡ್ಡದು ಮಾಡುವ ಆಸೆ ಯಾರಿಗೆ ಬರುವುದಿಲ್ಲ ಹೇಳಿ. ಎರಡು ವಾರ ಸಂಜೆ ಹೊತ್ತು ಕೂತು ಎಂಟೂ ಇನ್‌ಟೇಕ್ ಪೋರ್ಟ್ ಅಗಲ ಮಾಡಿದೆ. ಕೊನೆಯ ದಿನ ನಾಲ್ಕನೇ ಸಿಲಿಂಡರ್ ಪೋರ್ಟಿನ ತಳದಲ್ಲಿ ಬಿಟ್ ಒಮ್ಮೆಲೇ ಒಳಗೆ ಇಳಿಯಿತು. ತಣಿಸುವ ನೀರು ಹರಿಯುವ ವಾಟರ್ ಜಾಕೆಟ್ ಕಾಣುತ್ತಿತ್ತು. ಸಾಸಿವೆ ಕಾಳಿನಷ್ಟು ತೂತು. ಅಲ್ಯುಮಿನಿಯಂ ವೆಲ್ಡಿಂಗ್ ಮಾಡಿಸಿದೆ. ವೆಲ್ಡಿಂಗ್ ಬಿಸಿಗೆ ಹೆಡ್ ಬಾಗಿತು, ವಾಲ್ವ್ ಕೂರುವ ಸೀಟ್ ಸಡಿಲವಾಯಿತು. ಆ ಹೆಡ್ ಈಗ ಶೆಡ್ಡಿನ ಮೂಲೆಯಲ್ಲಿದೆ. ಪೋರ್ಟ್ ಗೋಡೆ ಎಲ್ಲಿ ಎಷ್ಟು ದಪ್ಪ ಅಂತ ನೋಡಲು ಅದನ್ನೇ ಅಡ್ಡಡ್ಡ ಕೊಯ್ದೆ. ಆಮೇಲೆ ಮೂರನೇ ಹೆಡ್‌ಗೆ ಆ ತುಂಡುಗಳೇ ನನಗೆ ನಕ್ಷೆ.

ಎರಡನೇ ಹೆಡ್ ಸೆಕೆಂಡ್ ಹ್ಯಾಂಡ್. ಈ ಸಲ ಪೋರ್ಟ್ ಮುಟ್ಟಲಿಲ್ಲ, ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವ ಅಂಕಿ) ಏರಿಸಲು ಹೊರಟೆ. 9.5 ಇದ್ದದ್ದನ್ನು 10.5ರ ಹತ್ತಿರ ತರಬೇಕು. ಒಂದು ಸಿಲಿಂಡರಿಗೆ 398 ಸಿಸಿ, ಹಾಗಾಗಿ ಮೇಲೆ ಉಳಿಯುವ ಜಾಗ 47 ಸಿಸಿಯಿಂದ 42ಕ್ಕೆ ಇಳಿಯಬೇಕು. ಹೆಡ್ಡಿಗೆ 1.2 ಮಿಮೀ ಫೇಸಿಂಗ್ ಹೊಡೆಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಗಾಡಿ ಕೆಳಗಿನಿಂದಲೇ ಚೆನ್ನಾಗಿ ಎಳೆಯಿತು, ಮೂರು ವಾರ ಖುಷಿಯಾಗಿ ಓಡಿಸಿದೆ. ಹೆಚ್ಚಲಿ ಅಂತ ಇಗ್ನಿಷನ್ ಅಡ್ವಾನ್ಸ್ (ಪ್ಲಗ್ ಕಿಡಿ ಇನ್ನಷ್ಟು ಮುಂಚೆ ಹಾರುವುದು) ಬೇರೆ ಕೊಟ್ಟಿದ್ದೆ. ಒಂದು ದಿನ ಏರಿನಲ್ಲಿ ಸಣ್ಣಗೆ ಟಿಣಿಟಿಣಿ ಅಂದದ್ದು ಕೇಳಿಸಿತು. ಸ್ಟೀರಿಯೋ ಹಾಕಿಕೊಂಡಿದ್ದೆ, ಗಮನ ಕೊಡಲಿಲ್ಲ. ಮನೆಗೆ ಬರುವಷ್ಟರಲ್ಲಿ ಐಡ್ಲಿಂಗ್ ಅಲುಗಾಡುತ್ತಿತ್ತು. ಪ್ಲಗ್ ಬಿಚ್ಚಿದರೆ ಪಿಂಗಾಣಿ ಮೇಲೆ ಬೆಳ್ಳಿಯಂಥ ಸಣ್ಣ ಸಣ್ಣ ಚುಕ್ಕಿ. ಪಿಸ್ಟನ್ನಿನ ಅಲ್ಯುಮಿನಿಯಂ ಅದು. ಕಂಪ್ರೆಷನ್ ಗೇಜಿನಲ್ಲಿ ಮೂರು ಸಿಲಿಂಡರ್ 190 ಪಿಎಸ್‌ಐ ತೋರಿಸಿದವು, ಮೂರನೇ ನಂಬರಿನ ಸಿಲಿಂಡರ್ ಮಾತ್ರ 110. ಮೊದಲ ಮತ್ತು ಎರಡನೇ ರಿಂಗ್ ನಡುವಿನ ಅಂಚು ಮುರಿದಿತ್ತು. ಸಿಲಿಂಡರ್ ಗೋಡೆ ಉಳಿದದ್ದು ನನ್ನ ಅದೃಷ್ಟ.

ಆ ರಾತ್ರಿ ಗಾಡಿ ಮಾರಿಬಿಡೋಣ ಅನ್ನಿಸಿತು. ಎರಡು ವರ್ಷದ ಉಳಿತಾಯ ಆ ಬಾನೆಟ್ ಕೆಳಗೆ ಹೋಗಿತ್ತು, ಸಿಕ್ಕಿದ್ದು ಎರಡೇ ಎಚ್‌ಪಿ.

ಕಂಪ್ರೆಷನ್ 10.5 ಅಂದರೆ ಏನೂ ಹೆಚ್ಚಲ್ಲ. 95 ಆಕ್ಟೇನ್ ಪೆಟ್ರೋಲಿನಲ್ಲಿ ಎಷ್ಟೋ ಎಂಜಿನ್ ಅಷ್ಟಕ್ಕೆ ಆರಾಮಾಗಿ ಓಡುತ್ತವೆ. ಹಾಗಾದರೆ ನನ್ನದು ಯಾಕೆ ನಾಕ್ ಆಯಿತು (ಮಿಶ್ರಣ ತಾನಾಗಿ ಸಿಡಿಯುವುದು, ಆ ಟಿಣಿಟಿಣಿ ಅದೇ)? ಉತ್ತರ ಬ್ಲಾಕಿನಲ್ಲಿತ್ತು. ಟಿಡಿಸಿಯಲ್ಲಿ, ಅಂದರೆ ಪೂರ್ತಿ ಮೇಲೆ ಬಂದಾಗ, ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ 0.4 ಮಿಮೀ ಕೆಳಗೆ ನಿಲ್ಲುತ್ತಿತ್ತು. ಬ್ಲಾಕ್ ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್ 1.2. ಒಟ್ಟು 1.6 ಮಿಮೀ ಸಂದು. ಅಷ್ಟು ಸಂದಿದ್ದರೆ ಸ್ಕ್ವಿಶ್ ಕೆಲಸವೇ ಮಾಡುವುದಿಲ್ಲ. ಅಂಚಿನ ಮಿಶ್ರಣವನ್ನು ಹಿಂಡಿ ಪ್ಲಗ್ ಕಡೆ ತಳ್ಳುವ ಬದಲು ಅಲ್ಲೇ ಬಿಸಿಯಾಗಲು ಬಿಡುತ್ತದೆ. ಹೆಡ್ ಎಷ್ಟೇ ಕೆತ್ತಿದರೂ ಈ ಸಂದು ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ, ಅಲ್ವಾ? ನಾನು ತಪ್ಪು ಕಡೆ ಕೆತ್ತಿಸಿದ್ದೆ.

ಮೂರನೇ ಹೆಡ್ ತಂದೆ. ಈ ಸಲ ಬ್ಲಾಕ್ ಬಿಚ್ಚಿ, ಬ್ಲಾಕಿಗೇ 0.4 ಫೇಸಿಂಗ್ ಹೊಡೆಸಿದೆ. ಪಿಸ್ಟನ್ ಮಟ್ಟಕ್ಕೆ ಸರಿಯಾಗಿ ಬಂತು. ಗ್ಯಾಸ್ಕೆಟ್ ಬಿಗಿದ ಮೇಲೆ 0.9 ಉಳಿಯುವ ತೆಳು ಸ್ಟೀಲ್ ಗ್ಯಾಸ್ಕೆಟ್. ಹೆಡ್ಡಿಗೆ ಬರೀ 0.5. ಚೇಂಬರಿನ ಚೂಪು ಅಂಚುಗಳನ್ನೆಲ್ಲ ಸ್ವಲ್ಪ ಗುಂಡಗೆ ಮಾಡಿದೆ. ಅಕ್ರಿಲಿಕ್ ತುಂಡಿಗೆ ಗ್ರೀಸ್ ಹಚ್ಚಿ, ಸಿರಿಂಜಿನಲ್ಲಿ ದ್ರವ ಬಿಟ್ಟು ನಾಲ್ಕೂ ಚೇಂಬರ್ ಅಳೆದೆ. ಕಂಪನಿಯಿಂದ ಬಂದಾಗಲೇ ಒಂದಕ್ಕೊಂದು 1.2 ಸಿಸಿ ವ್ಯತ್ಯಾಸವಿತ್ತು, ಅದನ್ನು 0.2ಕ್ಕೆ ತಂದೆ. ಲೆಕ್ಕ ಹಾಕಿದರೆ 10.4. ಪಿಸ್ಟನ್ ಮುರಿದ ಎಂಜಿನ್ನಿನ ಕಂಪ್ರೆಷನ್ ಕೂಡ ಹೆಚ್ಚು ಕಡಿಮೆ ಅಷ್ಟೇ. ಆದರೆ ಈ ಎಂಜಿನ್ ಅದೇ ಪೆಟ್ರೋಲಿನಲ್ಲಿ ನಾಕ್ ಆಗಲಿಲ್ಲ. ಇಗ್ನಿಷನ್ ಕೂಡ 33 ಡಿಗ್ರಿ ಬೇಡುತ್ತಿದ್ದದ್ದು 29ಕ್ಕೇ ಪೂರ್ತಿ ಎಳೆತ ಕೊಡತೊಡಗಿತು. ಬೆಂಕಿ ಬೇಗ ಹರಡುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಾಕ್ ಕೇಳಲು ಬ್ಲಾಕಿಗೆ ಒಂದು ಚಪ್ಪಟೆ ಮಾಡಿದ ತಾಮ್ರದ ಕೊಳವೆ ಬೋಲ್ಟ್ ಮಾಡಿ, ಅದರಿಂದ ರಬ್ಬರ್ ಪೈಪ್ ಎಳೆದು ಕಿವಿ ಮುಚ್ಚುವ ಮಫ್‌ಗೆ ಸೇರಿಸಿದ್ದೇನೆ. ಟ್ಯೂನಿಂಗ್ ದಿನ ಸ್ನೇಹಿತ ಪಕ್ಕದಲ್ಲಿ ಅದನ್ನು ಹಾಕಿಕೊಂಡು ಕೂರುತ್ತಾನೆ. ಇದಿಲ್ಲದೆ ಅಡ್ವಾನ್ಸ್ ಮುಟ್ಟಬೇಡಿ.

ಪೋರ್ಟ್ ವಿಷಯಕ್ಕೆ ಬಂದರೆ, ಈ ಸಲ ಅಗಲ ಮಾಡಲೇ ಇಲ್ಲ. ಎರಡು ವ್ಯಾಕ್ಯೂಮ್ ಕ್ಲೀನರ್ ಮೋಟರ್, ಒಂದು ಪ್ಲೈವುಡ್ ಪೆಟ್ಟಿಗೆ, ನೀರು ತುಂಬಿದ ಪಾರದರ್ಶಕ ಪೈಪ್ ಸೇರಿಸಿ ಫ್ಲೋ ಬೆಂಚ್ (ಪೋರ್ಟಿನಲ್ಲಿ ಎಷ್ಟು ಗಾಳಿ ಹರಿಯುತ್ತದೆ ಅಂತ ಅಳೆಯುವುದು) ಮಾಡಿಕೊಂಡೆ. ಅದು ಕೊಡುವ ಅಂಕಿ ಬೇರೆಯವರ ಬೆಂಚಿಗೆ ಹೋಲುವುದಿಲ್ಲ, ಆದರೆ ನಿನ್ನೆಯದಕ್ಕೆ ಇವತ್ತಿನದನ್ನು ಹೋಲಿಸಬಹುದು. ನನಗೆ ಬೇಕಾದದ್ದು ಅಷ್ಟೇ. ಹಾಳಾದ ಮೊದಲ ಹೆಡ್ಡಿನಲ್ಲಿ ಕೊಯ್ಯದೆ ಉಳಿದಿದ್ದ ಒಳ್ಳೆಯ ಪೋರ್ಟ್ ಒಂದನ್ನು ಕೂರಿಸಿ ನೋಡಿದೆ. ಎರಡು ವಾರ ಕೆರೆದು ಬಂದದ್ದು ಬರೀ 4 ಪರ್ಸೆಂಟ್. ಹೊಸ ಹೆಡ್ಡಿನಲ್ಲಿ ವಾಲ್ವ್ ಸೀಟಿನ ಮೇಲಿನ ಕೊನೆಯ 15 ಮಿಮೀ ಮಾತ್ರ ಕೆಲಸ ಮಾಡಿದೆ. 30-45-60ರ ಮೂರು ಕೋನದ ಸೀಟ್ ಕಟಿಂಗ್, ಗಂಟಲು ವಾಲ್ವಿನ ವ್ಯಾಸದ 87 ಪರ್ಸೆಂಟ್, ತಿರುವಿನ ಒಳಬದಿಯ ಗುಡ್ಡೆಗೆ ಸರಿಯಾದ ಬಾಗು. ಅರ್ಧ ಲಿಫ್ಟಿನಲ್ಲಿ, ಅಂದರೆ ವಾಲ್ವ್ ಅರ್ಧ ತೆರೆದಾಗ, 11 ಪರ್ಸೆಂಟ್ ಹೆಚ್ಚು ಬಂತು. ಪೋರ್ಟಿನ ತಳಕ್ಕೆ ಇನ್ನೊಂದು ಕೆಲಸವನ್ನೂ ಮಾಡಿದ್ದೇನೆ. ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿದಿದೆ, ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ಕ್ಯಾಮ್ ಎರಡು ಸಲ ಗ್ರೈಂಡ್ ಮಾಡಿಸಿದೆ. ಮೊದಲನೆಯದು 288 ಡಿಗ್ರಿ (ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವ ಲೆಕ್ಕ). ಐಡ್ಲಿಂಗ್ 1,200ರ ಕೆಳಗೆ ನಿಲ್ಲುತ್ತಲೇ ಇರಲಿಲ್ಲ. ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಬಿದ್ದುಹೋಗಿ, ಒತ್ತಡ ನೋಡಿ ಪೆಟ್ರೋಲ್ ಕೊಡುವ ಇಸಿಯು (ಎಂಜಿನ್ನಿನ ಕಂಪ್ಯೂಟರ್) ದಿಕ್ಕೆಟ್ಟಿತು. 4,500ರ ಕೆಳಗೆ ಗಾಡಿ ಸತ್ತಂತಿತ್ತು. ದುಡ್ಡು ಹೋಯಿತು. ಎರಡನೆಯದು 264 ಡಿಗ್ರಿ, ಲಿಫ್ಟ್ ಸುಮಾರು 9 ಮಿಮೀ. ಈ ಎಂಜಿನ್ನಿಗೆ ಅದೇ ಸರಿ. ಮಾಡೆಲಿಂಗ್ ಕ್ಲೇ ಇಟ್ಟು ಕೈಯಲ್ಲಿ ತಿರುಗಿಸಿ ನೋಡಿದಾಗ ವಾಲ್ವ್ ಮತ್ತು ಪಿಸ್ಟನ್ ನಡುವೆ ಇನ್‌ಟೇಕಿಗೆ 2.1, ಎಕ್ಸಾಸ್ಟಿಗೆ 2.6 ಮಿಮೀ ಸಂದು ಸಿಕ್ಕಿತು. ಸ್ಪ್ರಿಂಗ್ ಹಳೆಯದೇ ಇಟ್ಟಿದ್ದೆ, 6,500 ದಾಟಿದರೆ ವಾಲ್ವ್ ಸಮಯಕ್ಕೆ ಮುಚ್ಚದೆ ತೇಲುತ್ತಿತ್ತು. ಸ್ಪ್ರಿಂಗ್ ಬದಲಾಯಿಸಿದೆ.

ಒಂದು ಮಾತು ಮರೆತಿದ್ದೆ. ಬ್ಲಾಕ್, ಹೆಡ್, ಗ್ಯಾಸ್ಕೆಟ್ ಎಲ್ಲ ಸೇರಿ 1.2 ಮಿಮೀ ಇಳಿದಾಗ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರ ಬರುತ್ತದೆ. ಬೆಲ್ಟ್ ಲೆಕ್ಕದಲ್ಲಿ ಟೈಮಿಂಗ್ ಎರಡು, ಎರಡೂವರೆ ಡಿಗ್ರಿ ಹಿಂದೆ ಬೀಳುತ್ತದೆ. ಅಡ್ಜಸ್ಟ್ ಮಾಡುವ ಕ್ಯಾಮ್ ಪುಲ್ಲಿ ಹಾಕದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಾನು ಅದನ್ನು ಸೊನ್ನೆಗೆ ತಂದು ನಿಲ್ಲಿಸಿಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ನಿಮ್ಮ ಎಂಜಿನ್ನೇ ನಿಮಗೆ ಹೇಳಬೇಕು.

ಎಕ್ಸಾಸ್ಟ್ 4-2-1, ನಾಲ್ಕು ಪೈಪ್ ಎರಡಾಗಿ, ಆ ಎರಡು ಒಂದಾಗುತ್ತವೆ. ಒಂದು ಮತ್ತು ನಾಲ್ಕು ಒಟ್ಟಿಗೆ, ಎರಡು ಮತ್ತು ಮೂರು ಒಟ್ಟಿಗೆ. ಹಳೆಯ ದಪ್ಪ ಪೈಪ್ ತೆಗೆದು ಅದಕ್ಕಿಂತ ಸಣ್ಣದು ಹಾಕಿದೆ. ಮಧ್ಯದ ಎಳೆತ ತಕ್ಷಣ ವಾಪಸ್ ಬಂತು. ಇಸಿಯುಗೆ ಮೆಗಾಸ್ಕ್ವರ್ಟ್ ಕಿಟ್ ತರಿಸಿ ನಾನೇ ಬೆಸುಗೆ ಹಾಕಿದೆ. ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಅದು ಇದ್ದೂ ಪ್ರಯೋಜನವಿಲ್ಲ. ಪೂರ್ತಿ ಆಕ್ಸಿಲರೇಟರಿನಲ್ಲಿ ಆ ಪ್ರಮಾಣವನ್ನು 12.8ರಿಂದ 13ರ ನಡುವೆ ಇಟ್ಟಿದ್ದೇನೆ. ಇಂಜೆಕ್ಟರ್ 6,500ಕ್ಕೆ 92 ಪರ್ಸೆಂಟ್ ಡ್ಯೂಟಿ (ಹತ್ತಿರ ಪೂರ್ತಿ ಹೊತ್ತು ತೆರೆದೇ ಇರುವುದು) ತೋರಿಸಿದ್ದರಿಂದ ಒಂದು ಸೈಜ್ ದೊಡ್ಡದು ಹಾಕಿದೆ.

ನಡುವೆ ಬೈಕಿನ ಥ್ರಾಟಲ್ ಬಾಡಿ ನಾಲ್ಕನ್ನೂ ಕೂರಿಸಿ ನೋಡಿದ್ದೆ. ಒಂದೂವರೆ ತಿಂಗಳ ಕೆಲಸ. ಆ ಸದ್ದು ಈಗಲೂ ಕಿವಿಯಲ್ಲಿದೆ. ಆದರೆ ರನ್ನರ್ (ಗಾಳಿ ಒಳಗೆ ಬರುವ ಕೊಳವೆ) ತೀರಾ ಗಿಡ್ಡ, 5,000ದ ಕೆಳಗೆ ಟಾರ್ಕ್ ಹೋಯಿತು, ಮೇಲೆ ಸಿಕ್ಕಿದ್ದು ಎರಡೇ ಎಚ್‌ಪಿ. ಬಿಚ್ಚಿ ಮಾರಿದೆ, ಹಾಕಿದ ದುಡ್ಡಿನ ಮುಕ್ಕಾಲು ಪಾಲು ಬಂತು. ಹಗುರ ಫ್ಲೈವೀಲ್ ಕೂಡ ಹಾಕಿದೆ. ಅದರಿಂದ ಪವರ್ ಹೆಚ್ಚುವುದಿಲ್ಲ, ಆದರೆ ಗೇರ್ ಇಳಿಸುವಾಗ ಎಂಜಿನ್ ಎಷ್ಟು ಚುರುಕಾಗಿ ಏರುತ್ತದೆ ಅಂದರೆ, ಅದನ್ನು ತೆಗೆಯುವ ಮನಸ್ಸಿಲ್ಲ.

ಖರ್ಚನ್ನು ಹೀಗೆ ಹೇಳುತ್ತೇನೆ. ಒಟ್ಟು ಖರ್ಚು ನೂರು ಅಂದುಕೊಳ್ಳಿ. ಹೆಡ್‌ಗಳಿಗೇ 22 ಹೋಗಿದೆ, ಅದರಲ್ಲಿ ಎರಡು ಕಸ. ಮುರಿದ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಅಂತ 18. ಇಸಿಯು ಮತ್ತು ಸೆನ್ಸರ್ 20. ಮಷಿನ್ ಕೆಲಸಕ್ಕೆ ಹೋದದ್ದು ಬರೀ 8. ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಆ ಎಂಟೇ. ಮೊದಲೇ ಗೊತ್ತಿದ್ದರೆ ಇಡೀ ಕೆಲಸ 60ರಲ್ಲಿ ಮುಗಿಯುತ್ತಿತ್ತು. ಟರ್ಬೋ ಹಾಕಲು ಕೇಳಿದ್ದ ದುಡ್ಡಿಗೆ ಹೋಲಿಸಿದರೆ, ತಪ್ಪುಗಳನ್ನೂ ಸೇರಿಸಿ ನನ್ನದು ಮುಕ್ಕಾಲು ಭಾಗ ಆಗಿದೆ.

101 ಎಚ್‌ಪಿ ಬಂದದ್ದು 6,700ಕ್ಕೆ. ಚಕ್ರದ ಟಾರ್ಕ್ 108 ನ್ಯೂಟನ್ ಮೀಟರ್ ಇದ್ದದ್ದು 119 ಆಗಿದೆ. ನನಗೆ ಹೆಚ್ಚು ಹೆಮ್ಮೆ ಇರುವುದು ಈ ಟಾರ್ಕಿನ ಬಗ್ಗೆ. 2,500ರಿಂದ ಆಚೆ ಎಲ್ಲೂ ಹಳೆಯ ಗೆರೆಗಿಂತ ಕೆಳಗಿಲ್ಲ. ಮೂರನೇ ಗೇರಿನಲ್ಲಿ 3,000ದಿಂದ 6,000ಕ್ಕೆ ಒಂಬತ್ತು ಸೆಕೆಂಡಿನ ಮೇಲೆ ಹಿಡಿಯುತ್ತಿತ್ತು, ಈಗ ಏಳೂವರೆ. ಡೈನೋ ಗೆರೆಯನ್ನು ಆ ಹಿರಿಯ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಏನೂ ಹೇಳದೆ ಪಿಸ್ಟನ್ ಎಷ್ಟು ಕೆಳಗಿತ್ತು ಅಂತ ಕೇಳಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 0.4 ಅಂತ ಬರೆದುಕೊಂಡರು.

ಈಗ 14,000 ಕಿಲೋಮೀಟರ್ ಆಗಿದೆ. ಹೋದ ವಾರ ಲೀಕ್ ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ಬಿಟ್ಟು ಎಷ್ಟು ಸೋರುತ್ತದೆ ಅಂತ ನೋಡುವುದು) ಮಾಡಿದೆ, ನಾಲ್ಕೂ 6ರಿಂದ 8 ಪರ್ಸೆಂಟ್ ಒಳಗಿವೆ. ಎರಡನೇ ಸಿಲಿಂಡರಿನ ಒಂದು ಎಕ್ಸಾಸ್ಟ್ ವಾಲ್ವ್ ಕ್ಲಿಯರೆನ್ಸ್ ಮಾತ್ರ ಸ್ವಲ್ಪ ಬಿಗಿಯಾಗಿದೆ. ಸೀಟ್ ಕೆಳಗೆ ಕೂರುತ್ತಿದೆಯೋ ಏನೋ. ಅಡ್ಜಸ್ಟ್ ಮಾಡಿ ಬರೆದಿಟ್ಟಿದ್ದೇನೆ, ಇನ್ನೊಂದು 3,000 ಓಡಿಸಿ ಮತ್ತೆ ಫೀಲರ್ ಗೇಜ್ ಹಾಕಿ ನೋಡುತ್ತೇನೆ.